ಗೋಬರ್ ಗ್ಯಾಸಿಗೆ ಸುಣ್ಣ ಹಾಕಿದ್ದು ನನ್ನದೇ ತಪ್ಪು

ಶಿರಸಿ ತಾಲೂಕಿನ ನಮ್ಮ ಮನೆಯದು 2 ಘನ ಮೀಟರ್‌ನ ದೀನಬಂಧು ಮಾದರಿಯ ಗೋಬರ್ ಗ್ಯಾಸ್ ಸ್ಥಾವರ. ಅದಕ್ಕೆ ದಿನವೂ 50 ಕೆಜಿ ಸಗಣಿ ಬೇಕು. ಕೊಟ್ಟಿಗೆಯಲ್ಲಿ ಎರಡೇ ದನ ಉಳಿದ ಮೇಲೆ, ಕೊರತೆಯ 25 ಕೆಜಿಯನ್ನು ಪಕ್ಕದೂರಿನ ಮೊಟ್ಟೆಕೋಳಿ ಫಾರ್ಮಿನ ಹಿಕ್ಕೆಯಿಂದ ತುಂಬಿಸಿದೆ. ಎರಡು ವಾರ ಒಲೆ ಮೊದಲಿಗಿಂತ ಜೋರಾಗಿ ಉರಿಯಿತು. ಮೂರನೆಯ ವಾರ ಹೊತ್ತಿಸಿದ ಬೆಂಕಿ ನಿಲ್ಲದಾಯಿತು.

ಗುಂಡಿ ಹುಳಿಯಾಗಿದೆ ಎಂದುಕೊಂಡು ಎರಡು ಬಕೆಟ್ ಸುಣ್ಣದ ನೀರು ಸುರಿದೆ. ಮರುದಿನ ಬಗ್ಗಡ ಹೊರಬರುವ ಬಾಯಿಯ ಬಳಿ ನಿಂತರೆ ಕಣ್ಣಲ್ಲಿ ನೀರು. ರಸಸಾರ (pH; 7ಕ್ಕಿಂತ ಕೆಳಗಾದರೆ ಹುಳಿ) ನೋಡುವ ಕಾಗದ ತಂದು ಅದ್ದಿದೆ: 8 ದಾಟಿತ್ತು. ಹುಳಿಯೇ ಇರಲಿಲ್ಲ.

ಕೋಳಿಗೆ ಮೂತ್ರ ಬೇರೆ ಇಲ್ಲ. ಹಿಕ್ಕೆಯ ಮೇಲಿನ ಬಿಳಿ ಭಾಗವೇ ಯೂರಿಕ್ ಆಮ್ಲ. ಕೊಳೆತಾಗ ಅದು ಅಮೋನಿಯ ಆಗುತ್ತದೆ. ಸಗಣಿಯಲ್ಲಿ ಒಂದು ಪಾಲು ಸಾರಜನಕಕ್ಕೆ ಇಪ್ಪತ್ತು ಪಾಲಿನಷ್ಟು ಇಂಗಾಲವಿದ್ದರೆ, ಹಿಕ್ಕೆಯಲ್ಲಿ ಹತ್ತು ಸಿಕ್ಕುವುದೂ ಕಷ್ಟ. ಈ ಅಮೋನಿಯ ಅಮೋನಿಯಂ ರೂಪದಲ್ಲಿ ನೀರಿನಲ್ಲಿ ಕರಗಿರುವವರೆಗೆ ಅಪಾಯ ಕಡಿಮೆ. ಆದರೆ ರಸಸಾರ 7ರಿಂದ 8ಕ್ಕೇರಿದರೆ ಅಮೋನಿಯಂ ಆಗದೆ ಉಳಿದ ಬಿಡಿ ಅಮೋನಿಯ ಸುಮಾರು ಹತ್ತು ಪಟ್ಟಾಗುತ್ತದೆ, ಸೆಕೆ ಹೆಚ್ಚಿದಂತೆ ಇನ್ನೂ ಏರುತ್ತದೆ. ಮೀಥೇನ್ ತಯಾರಿಸುವ ಸೂಕ್ಷ್ಮಾಣುಗಳನ್ನು ಕಟ್ಟಿಹಾಕುವುದು ಅದೇ. ರಸಸಾರ ಏರಿಸಿದ ನನ್ನ ಸುಣ್ಣ ಅದಕ್ಕೆ ಬಲ ಕೊಟ್ಟಿತ್ತು.

ನೆರೆಮನೆಯ ಭಾವ ಬಂದು ನೋಡಿದವರೇ, "ಕೊಟ್ಟಿಗೆಯ ಗಂಜಲವೂ ಇದಕ್ಕೇ ಹರಿಯುತ್ತಿದೆಯಲ್ಲ ಭಾವ, ಮೊದಲು ಅದನ್ನು ತಿರುಗಿಸು" ಎಂದರು. ಗಂಜಲದಲ್ಲೂ ಸಾರಜನಕವೇ. ಇದು ನನಗೆ ಹೊಳೆದಿರಲಿಲ್ಲ. ಕಾಲುವೆಯನ್ನು ಅಂದೇ ಗೊಬ್ಬರದ ಗುಂಡಿಗೆ ತಿರುಗಿಸಿದೆ. ಹತ್ತು ದಿನ ಏನನ್ನೂ ಹಾಕಲಿಲ್ಲ. ದಿನಕ್ಕಿಷ್ಟು ಬಗ್ಗಡ ತೆಗೆದು, ಅಷ್ಟೇ ಸಾದಾ ನೀರು ಮತ್ತು ಭಾವನ ಮನೆಯ ಚೆನ್ನಾಗಿ ನಡೆಯುತ್ತಿದ್ದ ಸ್ಥಾವರದ ಬಗ್ಗಡ ಬೆರೆಸಿ ಹೊಯ್ದೆ. ಬಳಿಕ ಬರೀ ಸಗಣಿ, ಅದೂ ಸ್ವಲ್ಪಸ್ವಲ್ಪ. ಒಳಗೆ ಹೋದದ್ದು ಹೊರಬರಲು ನಲವತ್ತು ದಿನ ಹಿಡಿಯುವ ಗುಂಡಿಯಿದು, ಅವಸರಕ್ಕೆ ಬಗ್ಗುವುದಿಲ್ಲ. ನೀಲಿ ಜ್ವಾಲೆ ಮರಳಿದ್ದು ಐದನೆಯ ವಾರದ ಕೊನೆಗೆ.

ಈಗ 25 ಕೆಜಿ ಸಗಣಿಗೆ 5 ಕೆಜಿ ಹಿಕ್ಕೆ ಮಾತ್ರ. ಹಿಕ್ಕೆಯನ್ನು ಮೂರು ಪಟ್ಟು ನೀರಿನಲ್ಲಿ ಹಿಂದಿನ ದಿನವೇ ಕಲಸಿಡುತ್ತೇನೆ. ತಳದಲ್ಲಿ ಕೂತ ಮರಳು, ಚಿಪ್ಪಿನ ಚೂರುಗಳನ್ನು ಬಿಟ್ಟು ಮೇಲಿನದನ್ನಷ್ಟೇ ಹೊಯ್ಯುತ್ತೇನೆ. ಇಂಗಾಲಕ್ಕೆ ಸಣ್ಣದಾಗಿ ಕೊಚ್ಚಿದ ಬಾಳೆದಿಂಡು. ಹೊಟ್ಟು ಹಾಸಿದ ಶೆಡ್ಡಿನ ಗೊಬ್ಬರ ಬೇಡವೇ ಬೇಡ. ಹೊಟ್ಟು ಕರಗದೆ ಮೇಲೆ ಕೆನೆಗಟ್ಟುತ್ತದೆ. ಗ್ಯಾಸ್ ಮೊದಲಿನಷ್ಟಿಲ್ಲ, ಬೆಳಗಿನ ಅಡುಗೆಗೆ ಸಾಕಾಗುತ್ತದೆ. ಹೊರಬಂದ ಬಗ್ಗಡವನ್ನು ಅಡಿಕೆ ಬುಡಕ್ಕೆ ಹಾಕಿದ ಕೂಡಲೇ ಸೊಪ್ಪು ಮುಚ್ಚುತ್ತೇನೆ. ಬಿಸಿಲಿಗೆ ಬಿಟ್ಟರೆ ಗುಂಡಿಯೊಳಗೆ ಕಾಡಿದ ಅದೇ ಸಾರಜನಕ ಗಾಳಿಗೆ ಹಾರಿಹೋಗುತ್ತದೆ, ಮರಕ್ಕೆ ದಕ್ಕುವುದಿಲ್ಲ.