ನಿಶ್ಚಿತಾರ್ಥದ ಉಂಗುರ: ಬೆರಳಿನ ಅಳತೆಯಿಂದ ಬಿಲ್ಲಿನ ಕೊನೆಯ ಸಾಲಿನವರೆಗೆ

ಮದುವೆಗೆ ಕೊಳ್ಳುವ ಒಡವೆಗಳಲ್ಲಿ ಹೆಚ್ಚಿನವು ಬ್ಯಾಂಕ್ ಲಾಕರ್ ಸೇರುತ್ತವೆ. ಹಾರ, ಡಾಬು ಎಲ್ಲ ಹಬ್ಬಕ್ಕೋ ಇನ್ನೊಂದು ಮದುವೆಗೋ ಹೊರಗೆ ಬರುತ್ತವೆ, ಅಷ್ಟೇ. ನಿಶ್ಚಿತಾರ್ಥದ ಉಂಗುರ ಮಾತ್ರ ದಿನವೂ ಕೈಯಲ್ಲೇ ಇರುತ್ತದೆ. ಪಾತ್ರೆ ತೊಳೆಯುವಾಗ, ಚಪಾತಿ ಹಿಟ್ಟು ಕಲಸುವಾಗ, ಬೈಕ್ ಓಡಿಸುವಾಗ. ಅಂಗಡಿಯ ದೀಪದಡಿ ಯಾವ ಉಂಗುರವಾದರೂ ಹೊಳೆಯುತ್ತದೆ. ಅದನ್ನು ತೊಡುವ ಕೈ ದಿನವಿಡೀ ಏನು ಮಾಡುತ್ತದೆ ಅಂತ ಮೊದಲು ಯೋಚಿಸಿ. ಉಳಿದ ಆಯ್ಕೆಗಳು ತಾವಾಗಿಯೇ ಸುಲಭವಾಗುತ್ತವೆ.

ಮೊದಲು ಅಳತೆ

ನಮ್ಮಲ್ಲಿ ಹುಡುಗಿಯ ಉಂಗುರವನ್ನು ಹುಡುಗನ ಮನೆಯವರು, ಹುಡುಗನದನ್ನು ಹುಡುಗಿಯ ಮನೆಯವರು ಮಾಡಿಸುವುದು ಸಾಮಾನ್ಯ. ಎಡವಟ್ಟು ಶುರುವಾಗುವುದೇ ಇಲ್ಲಿ. ಬೆರಳು ಒಂದೂರಿನಲ್ಲಿ, ಕೊಳ್ಳುವವರು ಇನ್ನೊಂದೂರಿನಲ್ಲಿ. ಅಂದಾಜಿನಲ್ಲಿ ತಂದರೆ ಎಲ್ಲರೆದುರು ಉಂಗುರ ಗಿಣ್ಣಿನ ಹತ್ತಿರ ನಿಂತುಬಿಡುತ್ತದೆ. ಸಂಕೋಚ ಬಿಟ್ಟು ಬೀಗರನ್ನು ಕೇಳಿ. ಅವರ ಊರಿನ ಯಾವುದೇ ಚಿನ್ನದಂಗಡಿಯಲ್ಲಿ ನಂಬರ್ ಹಾಕಿದ ಅಳತೆ ಉಂಗುರಗಳ ಗೊಂಚಲು ಇರುತ್ತದೆ. ಬೆರಳಿಗೆ ಹಾಕಿ ನೋಡಿ ನಂಬರ್ ಕಳಿಸಿದರೆ ಸಾಕು.

ದಾರ ಸುತ್ತಿ ಅಳೆಯುವುದನ್ನು ನಂಬಬೇಡಿ, ದಾರ ಹಿಗ್ಗುತ್ತದೆ. ಯಾವ ಕೈಗೆ ತೊಡಿಸುತ್ತಾರೋ ಅದೇ ಕೈಯನ್ನು ಅಳೆಯಬೇಕು, ಎರಡೂ ಕೈ ಒಂದೇ ಅಳತೆ ಇರುವುದಿಲ್ಲ. ಚಳಿಯ ಬೆಳಗ್ಗೆ ಬೆರಳು ಸಣ್ಣಗಿರುತ್ತದೆ, ಸೆಖೆಗೆ ಊದುತ್ತದೆ. ಮಧ್ಯಾಹ್ನದ ನಂತರ ಅಳೆದರೆ ಒಳ್ಳೆಯದು. ಉಂಗುರ ಅಗಲವಾಗಿದ್ದರೆ ಸ್ವಲ್ಪ ದೊಡ್ಡ ನಂಬರೇ ಬೇಕಾಗುತ್ತದೆ.

ಇನ್ನೊಂದು ಮಾತು. ಸಾದಾ ಉಂಗುರವನ್ನು ಒಂದೆರಡು ನಂಬರ್ ಹಿಗ್ಗಿಸಬಹುದು, ಕುಗ್ಗಿಸಬಹುದು. ಸುತ್ತಲೂ ಹರಳು ಕೂರಿಸಿದ್ದನ್ನು ಹಾಗೆ ಮಾಡಲಾಗುವುದಿಲ್ಲ. ಅಳತೆ ಖಚಿತವಿಲ್ಲದಿದ್ದರೆ ಅಂಥದ್ದನ್ನು ಕೊಳ್ಳಲೇಬೇಡಿ.

ಆಮೇಲೆ ಲೋಹ ಮತ್ತು ಹರಳು

ಹರಳಿಲ್ಲದ ಉಂಗುರಕ್ಕೆ 22 ಕ್ಯಾರಟ್ ಚಿನ್ನ ಚೆನ್ನ. ಅದರಲ್ಲಿ ಶೇ 91.6ರಷ್ಟು ಅಪ್ಪಟ ಚಿನ್ನ ಇರುತ್ತದೆ. ಆದರೆ ಅದು ಮೆದು. ವಜ್ರ ಗಟ್ಟಿಯಾಗಿ ನಿಲ್ಲಬೇಕಾದರೆ 18 ಕ್ಯಾರಟ್ (ಶೇ 75) ಅಥವಾ 14 ಕ್ಯಾರಟ್ (ಶೇ 58.5) ಬೇಕು. "18 ಕ್ಯಾರಟ್ ಅಂದ್ರೆ ಕಲಬೆರಕೆ" ಅನ್ನುವ ಹಿರಿಯರು ಇನ್ನೂ ಇದ್ದಾರೆ. ಹರಳು ಕಳೆದುಹೋಗದಿರಲಿ ಅಂತಲೇ ಬೇರೆ ಲೋಹ ಬೆರೆಸಿರುತ್ತಾರೆ ಎಂದು ಅವರಿಗೆ ತಿಳಿಸಿ ಹೇಳಿ. ವೈಟ್ ಗೋಲ್ಡ್ ತೊಟ್ಟರೆ ಅದರ ಮೇಲಿನ ರೋಡಿಯಂ ಲೇಪ ಕೆಲವು ವರ್ಷಗಳಲ್ಲಿ ಸವೆಯುತ್ತದೆ, ಮತ್ತೆ ಹಾಕಿಸಬೇಕು. ಪ್ಲಾಟಿನಂಗೆ ಆ ತಾಪತ್ರಯ ಇಲ್ಲ. ಆದರೆ ತೂಕ ಜಾಸ್ತಿ.

ವಜ್ರವನ್ನು ಅಂಗಡಿಯವರು ಸೆಂಟ್ ಲೆಕ್ಕದಲ್ಲಿ ಹೇಳುತ್ತಾರೆ. 100 ಸೆಂಟ್ ಅಂದರೆ ಒಂದು ಕ್ಯಾರಟ್, ತೂಕದಲ್ಲಿ 0.2 ಗ್ರಾಂ. ವಜ್ರದ ಕ್ಯಾರಟ್ ತೂಕದ ಲೆಕ್ಕ, ಚಿನ್ನದ್ದರಂತೆ ಶುದ್ಧತೆಯದ್ದಲ್ಲ. 50 ಸೆಂಟಿಗೆ, 100 ಸೆಂಟಿಗೆ ಬೆಲೆ ಒಮ್ಮೆಲೇ ಹಾರುತ್ತದೆ. 47 ಸೆಂಟಿನದು ಕೇಳಿ ನೋಡಿ, ಕಣ್ಣಿಗೆ ವ್ಯತ್ಯಾಸವೇ ಕಾಣುವುದಿಲ್ಲ. "ಇಎಫ್ ಕಲರ್, ವಿವಿಎಸ್" ಅಂತ ಮಾರಾಟದವರು ಒತ್ತಿ ಹೇಳುತ್ತಾರೆ. ಅಂದರೆ ಬಣ್ಣವೇ ಇಲ್ಲದ, ಒಳಗೆ ಕಲೆ ತೀರಾ ಕಡಿಮೆ ಇರುವ ದುಬಾರಿ ದರ್ಜೆ. ಸಣ್ಣ ಹರಳಿಗೆ ಅದಕ್ಕಿಂತ ಕೆಳಗಿನ ಜಿ ಅಥವಾ ಎಚ್ ಬಣ್ಣ, ವಿಎಸ್ ದರ್ಜೆ ಸಾಕು. ಉಳಿದ ಹಣವನ್ನು ಒಳ್ಳೆಯ ಕಟ್ (ಮುಖಗಳನ್ನು ಕತ್ತರಿಸಿದ ರೀತಿ) ಇರುವ ಹರಳಿಗೆ ಹಾಕಿ, ಹೊಳಪು ಬರುವುದು ಅದರಿಂದಲೇ.

ಲ್ಯಾಬ್‌ನಲ್ಲಿ ಬೆಳೆಸಿದ ವಜ್ರವೂ ನಿಜವಾದ ವಜ್ರವೇ. ಬರಿಗಣ್ಣಿಗೆ ಗೊತ್ತಾಗುವುದಿಲ್ಲ, ಯಂತ್ರವೇ ಹೇಳಬೇಕು. ಬೆಲೆ ತುಂಬಾ ಕಡಿಮೆ, ಮರುಮಾರಾಟದ ಬೆಲೆಯೂ ಹಾಗೆಯೇ. ಮಾರುವ ಯೋಚನೆ ಇಲ್ಲದ ಜೋಡಿಗೆ ಇದು ಒಳ್ಳೆಯ ಆಯ್ಕೆ ಅಂತಲೇ ನನ್ನ ಅಭಿಪ್ರಾಯ. ಅಮೆರಿಕನ್ ಡೈಮಂಡ್ ಬೇರೆ, ಅದು ವಜ್ರವೇ ಅಲ್ಲ.

ವಿನ್ಯಾಸ ನೋಡುವಾಗ ಕೈಯಲ್ಲಿ ಊಟ ಮಾಡುವವರು ನಾವು ಅನ್ನುವುದು ನೆನಪಿರಲಿ. ಬಲಗೈಗೆ ಎತ್ತರದ ಹರಳಿನ ಉಂಗುರ ತೊಟ್ಟರೆ ಸಂದಿನಲ್ಲಿ ಮೊಸರನ್ನ ಕೂರುತ್ತದೆ. ಸ್ವೆಟರಿಗೂ ಸೀರೆಗೂ ಸಿಕ್ಕಿಕೊಳ್ಳುತ್ತದೆ. ತಗ್ಗಾಗಿ ಕೂರಿಸಿ, ಸುತ್ತ ಚಿನ್ನದ ಅಂಚು ಕಟ್ಟಿದ ಹರಳೇ ದಿನಬಳಕೆಗೆ ವಾಸಿ. ಮುತ್ತು, ಹವಳದ ಮೇಲೆ ಬೇಗ ಗೀರು ಬೀಳುತ್ತದೆ, ದಿನಾ ತೊಡಲು ಬೇಡ.

ಬಿಲ್ಲು ಓದುವುದು

ಇಲ್ಲಿ ಅವಸರ ಮಾಡಬೇಡಿ. ಒಂದು ಉದಾಹರಣೆ ನೋಡೋಣ. ಲೆಕ್ಕ ಸುಲಭವಾಗಲಿ ಅಂತ 22 ಕ್ಯಾರಟ್ ಚಿನ್ನ ಗ್ರಾಂಗೆ 10,000 ರೂಪಾಯಿ, 18 ಕ್ಯಾರಟ್ 8,200 ರೂಪಾಯಿ ಎಂದಿಟ್ಟುಕೊಳ್ಳಿ. ಉಂಗುರದ ಒಟ್ಟು ತೂಕ 4.060 ಗ್ರಾಂ. ಅದರಲ್ಲಿ 30 ಸೆಂಟ್ ವಜ್ರದ ತೂಕ 0.060 ಗ್ರಾಂ. ಉಳಿದ ಚಿನ್ನ 4 ಗ್ರಾಂ, ಅದರ ಬೆಲೆ 32,800. ಕೂಲಿ ಶೇ 15 ಅಂದರೆ 4,920. ವಜ್ರಕ್ಕೆ 25,000 ಅಂದುಕೊಳ್ಳಿ. ಒಟ್ಟು 62,720. ಅದರ ಮೇಲೆ ಶೇ 3 ಜಿಎಸ್‌ಟಿ, 1,881 ರೂಪಾಯಿ 60 ಪೈಸೆ.

ಇದೇ ಉಂಗುರವನ್ನು ಹರಳು ಸಮೇತ ತೂಗಿ, 22 ಕ್ಯಾರಟ್ ದರ ಹಾಕಿದರೆ? ಚಿನ್ನದ ಬೆಲೆ 40,600 ಆಗುತ್ತದೆ. ಕೂಲಿಯೂ ಏರುತ್ತದೆ. ತೆರಿಗೆಗೆ ಮೊದಲೇ ಸುಮಾರು 9,000 ರೂಪಾಯಿ ಸುಮ್ನೆ ಹೋಗುತ್ತದೆ. ಹಾಗಾಗಿ ನಿವ್ವಳ ತೂಕ, ಆ ಕ್ಯಾರಟ್‌ನ ದರ, ಕೂಲಿ, ಹರಳಿನ ಬೆಲೆ ನಾಲ್ಕೂ ಬೇರೆ ಬೇರೆ ಸಾಲಿನಲ್ಲಿ ಇರಲೇಬೇಕು.

ಕೂಲಿ ಮತ್ತು ವೇಸ್ಟೇಜ್ (ಮಾಡುವಾಗ ಚಿನ್ನ ಸವೆಯುತ್ತದೆ ಅನ್ನುವ ಲೆಕ್ಕದ ಶುಲ್ಕ) ಎರಡನ್ನೂ ಹಾಕುವ ಅಂಗಡಿಗಳಿವೆ. ಎರಡೂ ಸೇರಿ ಎಷ್ಟಾಯಿತು ಅಂತ ಕೇಳಿ. ಶೇಕಡಾ ಲೆಕ್ಕದ ಕೂಲಿಯಲ್ಲಿ ಚಿನ್ನ ಏರಿದಂತೆ ಅದೇ ಕೆಲಸಕ್ಕೆ ಜಾಸ್ತಿ ಕೊಡುತ್ತೀರಿ. ಚೌಕಾಸಿ ಮಾಡಲು ಜಾಗ ಇರುವುದೂ ಇಲ್ಲೇ, ಚಿನ್ನದ ದರದಲ್ಲಿ ಅಲ್ಲ. ಆಷಾಢದಲ್ಲಿ ಮದುವೆಗಳು ಕಡಿಮೆ, ಆಗ ಅನೇಕ ಅಂಗಡಿಗಳು ಕೂಲಿಯಲ್ಲಿ ರಿಯಾಯಿತಿ ಕೊಡುತ್ತವೆ.

"ಕೆಡಿಎಂ ಚಿನ್ನ" (ಕ್ಯಾಡ್ಮಿಯಂ ಬೆಸುಗೆಯದು) ಅನ್ನುವ ಮಾತಿಗೆ ಮರುಳಾಗಬೇಡಿ, ಅದು ಶುದ್ಧತೆಯ ಗುರುತಲ್ಲ. ಉಂಗುರದ ಒಳಮೈಯಲ್ಲಿ ಹಾಲ್‌ಮಾರ್ಕ್‌ನ ಮೂರು ಗುರುತು ನೋಡಿ: ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಚಿಹ್ನೆ, 22ಕೆ916 ಅಥವಾ 18ಕೆ750 ಅನ್ನುವ ಶುದ್ಧತೆ, ಮತ್ತು ಅಕ್ಷರ-ಅಂಕಿ ಸೇರಿದ ಆರು ಮನೆಯ ಎಚ್‌ಯುಐಡಿ, ಅಂದರೆ ಆ ಒಡವೆಗೆ ಮಾತ್ರ ಸೇರಿದ ಗುರುತು ಸಂಖ್ಯೆ. ಭೂತಗನ್ನಡಿ ಕೇಳಿ ಪಡೆಯಿರಿ. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ಗೆ ಅಲ್ಲೇ ಹಾಕಿ. ಉಂಗುರದ ಬದಲು ಬೇರೆ ಒಡವೆಯ ಹೆಸರು ಬಂದರೆ ಕೊಳ್ಳಬೇಡಿ. 2 ಗ್ರಾಂಗಿಂತ ಹಗುರವಾದ ಒಡವೆಗೆ ಹಾಲ್‌ಮಾರ್ಕ್ ಕಡ್ಡಾಯವಲ್ಲ. ತೀರಾ ತೆಳು ಉಂಗುರ ಕೊಳ್ಳುವವರು ಇದನ್ನು ಗಮನಿಸಿ. ಶುದ್ಧತೆ ಕಡಿಮೆ ಬಂದರೆ, ಕೊರತೆಯ ಎರಡು ಪಟ್ಟು ಪರಿಹಾರ ಮತ್ತು ಪರೀಕ್ಷೆಯ ಖರ್ಚು ಪಡೆಯಲು ನಿಯಮ ಇದೆ. ಅದಕ್ಕೆ ಪಕ್ಕಾ ಬಿಲ್ಲು ಬೇಕು.

ಕೊನೆಗೆ

ಬೆಂಗಳೂರಿನ ನಗರ್ತಪೇಟೆಯಲ್ಲೋ ನಿಮ್ಮೂರಿನ ಅಕ್ಕಸಾಲಿಗರ ಬಳಿಯೋ ಹೇಳಿ ಮಾಡಿಸುವುದಾದರೆ ಮೂರ್ನಾಲ್ಕು ವಾರ ಮೊದಲೇ ಕೊಡಿ. ಹೆಸರು ಕೆತ್ತಿಸುವ ಆಸೆ ಇದ್ದರೆ ಉಂಗುರ ಬೆರಳಿಗೆ ಸರಿ ಕೂತ ಮೇಲೆ ಕೆತ್ತಿಸಿ. ಕೆತ್ತಿದ್ದನ್ನು ವಾಪಸ್ ತೆಗೆದುಕೊಳ್ಳುವ ಅಂಗಡಿ ಸಿಗುವುದು ಕಷ್ಟ. ಕೆತ್ತುವಾಗ, ಅಳತೆ ಸರಿಮಾಡುವಾಗ ಎಚ್‌ಯುಐಡಿ ಇರುವ ಜಾಗ ಮುಟ್ಟಬೇಡಿ ಅಂತ ಅವರಿಗೆ ಮೊದಲೇ ಹೇಳಿಬಿಡಿ.