ಮಳೆಯಿಲ್ಲದಿದ್ದರೂ ಶೆಡ್ಡಿನಲ್ಲಿ ಹನಿ: ತೇವ ಕಡಿಮೆ ಮಾಡುವುದು ಹೇಗೆ?

ಮನೆ ಗೋಡೆಗೆ ಆನಿಸಿ, ಮೇಲೊಂದು ಇಳಿಜಾರು ಶೀಟು ಹೊದಿಸಿದ ಸಾಮಾನು ಶೆಡ್ಡು. ರಾತ್ರಿ ಮಳೆ ಬಂದಿಲ್ಲ, ಬೆಳಗ್ಗೆ ನೋಡಿದರೆ ಮೇಲಿಂದ ತೊಟ್ಟಿಕ್ಕುತ್ತಿದೆ. ರಟ್ಟಿನ ಪೆಟ್ಟಿಗೆ ಮೆತ್ತಗಾಗಿದೆ, ಸ್ಪ್ಯಾನರಿಗೆ ತುಕ್ಕು. ಸೋರುತ್ತಿದೆ ಅಂದುಕೊಂಡು ಶೀಟಿಗೆಲ್ಲ ಸೀಲಂಟ್ ಬಳಿಯುವವರೇ ಜಾಸ್ತಿ. ಆದರೆ ಇಂಥ ಹನಿ ಬಹಳ ಸಲ ಒಳಗಿನ ಗಾಳಿಯದ್ದೇ.

25 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಒಂದು ಘನ ಮೀಟರ್ ಗಾಳಿ ಸುಮಾರು 23 ಗ್ರಾಂ ನೀರಾವಿ ಹಿಡಿದುಕೊಳ್ಳುತ್ತದೆ. 10 ಡಿಗ್ರಿಗೆ ಇಳಿದರೆ 9 ಗ್ರಾಂ ಚಿಲ್ಲರೆ ಅಷ್ಟೇ. ಮಿಕ್ಕಿದ್ದು ತಣ್ಣಗಿರುವ ಜಾಗದಲ್ಲಿ ನೀರಾಗಿ ಕೂರುತ್ತದೆ. ಮೋಡವಿಲ್ಲದ ರಾತ್ರಿ ತಗಡಿನ ಶೀಟು ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತದೆ. ಅದರ ಅಡಿಭಾಗ ಬೆವರುವುದು ಹೀಗೆ.

ಮೊದಲು ಪತ್ತೆ ಹಚ್ಚಿ

ಏನನ್ನೂ ಕೊಳ್ಳುವ ಮುಂಚೆ ಇದೊಂದು ಪರೀಕ್ಷೆ ಮಾಡಲೇಬೇಕು. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ತೆಗೆದುಕೊಳ್ಳಿ. ಒಂದೂವರೆ ಗೇಣಿನಷ್ಟು ಚೌಕದ ಎರಡು ತುಂಡು ಸಾಕು. ಒಂದನ್ನು ಗೋಡೆಗೆ, ಇನ್ನೊಂದನ್ನು ನೆಲಕ್ಕೆ, ಮೇಲ್ಮೈ ಒರೆಸಿ ಒಣಗಿಸಿ ಅಂಟಿಸಿ. ನಾಲ್ಕೂ ಅಂಚಿಗೆ ಟೇಪ್ ಹಾಕಿ, ಗಾಳಿ ನುಸುಳಬಾರದು. ಎರಡು ದಿನ ಬಿಟ್ಟು ನೋಡಿ. ಫಾಯಿಲ್‌ನ ಮುಂಭಾಗದಲ್ಲಿ ನೀರಿದ್ದರೆ ಅದು ಗಾಳಿಯ ತೇವ. ಬಿಚ್ಚಿದಾಗ ಹಿಂಭಾಗ ಒದ್ದೆಯಾಗಿದ್ದರೆ ಗೋಡೆಯೋ ನೆಲವೋ ನೀರು ಎಳೆಯುತ್ತಿದೆ. ಗೋಡೆಯ ಬುಡದಲ್ಲಿ ಬಿಳಿ ಉಪ್ಪು ಎದ್ದು, ಗಾರೆ ಪುಡಿಪುಡಿಯಾಗಿ ಉದುರುತ್ತಿದ್ದರೂ ಅದೇ ಅರ್ಥ. ಎರಡೂ ಕಡೆ ಒದ್ದೆಯಿದ್ದರೆ ಎರಡೂ ತೊಂದರೆ ಇದೆ. ಆಗ ಹೊರಗಿನ ನೀರನ್ನು ಮೊದಲು ನಿಲ್ಲಿಸಿ.

ಹೊರಗಿನ ನೀರು

ಶೀಟು ಮನೆ ಗೋಡೆಗೆ ಸೇರುವ ಸಂದೇ ದೊಡ್ಡ ತಲೆನೋವು. ಅಲ್ಲಿ ಸಿಮೆಂಟು ಮೆತ್ತಿ ಸುಮ್ಮನಾದರೆ ಸಾಲದು. ಶೀಟು ಬಿಸಿಲಿಗೆ ಹಿಗ್ಗಿ, ಚಳಿಗೆ ಕುಗ್ಗಿ ಸಿಮೆಂಟು ಬಿರಿಯುತ್ತದೆ. ಗೋಡೆಯಲ್ಲಿ ಉದ್ದಕ್ಕೆ ಸಣ್ಣ ಕಚ್ಚು ಕೊರೆದು, ಸಂದು ಮುಚ್ಚುವ ಲೋಹದ ಪಟ್ಟಿಯ (ಫ್ಲ್ಯಾಶಿಂಗ್) ಮೇಲಂಚನ್ನು ಅದರೊಳಗೆ ಕೂರಿಸಿ, ಕೆಳಭಾಗ ಶೀಟಿನ ಮೇಲೆ ಇಳಿಯುವಂತೆ ಮಾಡಿಸಿ. ಸ್ಕ್ರೂಗಳ ರಬ್ಬರ್ ವಾಷರ್ ಒಣಗಿ ಸೀಳಿದ್ದರೆ ಬದಲಿಸಿ. ಹೊರಗೆ ಗೋಡೆಗೆ ಒತ್ತಿಕೊಂಡು ಮಣ್ಣು ಬಿದ್ದಿದ್ದರೆ ತೆಗೆಯಿರಿ, ನೆಲದ ಇಳಿಜಾರು ಗೋಡೆಯಿಂದ ಆಚೆಗೇ ಇರಲಿ. ಒಳಗೋಡೆಗೆ ವಾಟರ್‌ಪ್ರೂಫ್ ಪೇಂಟ್ ಹೊಡೆದು ಮುಚ್ಚಿಬಿಡೋಣ ಎಂಬ ಆಸೆ ಬೇಡ. ನೀರು ಒಳಗೇ ಉಳಿದು ಮೇಲಕ್ಕೇರುತ್ತದೆ, ಉಪ್ಪು ಪೇಂಟನ್ನೇ ಎಬ್ಬಿಸುತ್ತದೆ.

ಒಳಗಿನ ಗಾಳಿ

ಒದ್ದೆ ಬಟ್ಟೆ, ಹಸಿ ಸೌದೆ, ನೆನೆದ ಕೊಡೆ ಇವೆಲ್ಲ ಶೆಡ್ಡಿನಲ್ಲಿ ಒಣಗುವುದು ಬೇಡ. ಬಚ್ಚಲು, ಅಡುಗೆಮನೆಯ ಬಾಗಿಲು ಶೆಡ್ಡಿಗೆ ತೆರೆದುಕೊಳ್ಳುವಂತಿದ್ದರೆ ಹಬೆ ಏಳುವ ಹೊತ್ತಲ್ಲಿ ಮುಚ್ಚಿಡಿ.

ಆಮೇಲೆ ಗಾಳಿಗೆ ದಾರಿ. ಒಂದು ಕಿಂಡಿ ನೆಲದ ಹತ್ತಿರ, ಇನ್ನೊಂದು ಎದುರು ಬದಿಯಲ್ಲಿ ಶೀಟಿನ ಕೆಳಗೆ, ಎಷ್ಟು ಎತ್ತರ ಸಾಧ್ಯವೋ ಅಷ್ಟು ಎತ್ತರದಲ್ಲಿ. ತಂಪು ಗಾಳಿ ಕೆಳಗಿಂದ ಬಂದು, ಬೆಚ್ಚಗಿನ ತೇವದ ಗಾಳಿ ಮೇಲಿಂದ ಹೋಗುತ್ತದೆ. ಎರಡೂ ಒಂದೇ ಮಟ್ಟದಲ್ಲಿದ್ದರೆ ಮೂಲೆಯ ಗಾಳಿ ಅಲ್ಲಾಡುವುದೇ ಇಲ್ಲ. ಜಾಲರಿ ಹಾಕಿಸಿ, ಸಾಮಾನು ಅಡ್ಡ ಇಡಬೇಡಿ. ಗಾಳಿಯ ತೇವ ಅಳೆಯುವ ಒಂದು ಹೈಗ್ರೋಮೀಟರ್ ನೇತುಹಾಕಿದರೆ ಒಳ್ಳೆಯದು. ಶೇ 60ರ ಒಳಗಿದ್ದರೆ ನೆಮ್ಮದಿ. ದಿನಗಟ್ಟಲೆ 70 ದಾಟಿ ನಿಂತರೆ ಬೂಷ್ಟಿನ ಭಯ.

ಶೀಟಿನ ಅಡಿಭಾಗ

ಇಷ್ಟಾದರೂ ಶೀಟು ಬೆವರಿದರೆ ಅಡಿಗೆ ಆವಿ ನುಸುಳದಂಥ ಕ್ಲೋಸ್ಡ್ ಸೆಲ್ ಫೋಮ್ ಶೀಟ್ ಅಂಟಿಸಿ. ಕೀಲುಗಳಿಗೆಲ್ಲ ಟೇಪ್ ಬೇಕು. ಬೆರಳು ತೂರುವಷ್ಟು ಸಂದು ಬಿಟ್ಟರೂ ಬರಿ ತಗಡು ಅಲ್ಲೇ ಬೆವರುತ್ತದೆ. ಗಾಜಿನ ಉಣ್ಣೆಯನ್ನು ಹಾಗೇ ತುರುಕಬೇಡಿ, ಆವಿ ನುಗ್ಗಿ ಅದು ಒದ್ದೆಯಾದರೆ ಚಳಿ ತಡೆಯುವ ಗುಣವೇ ಹೋಗುತ್ತದೆ.

ಸಾಮಾನು ಜೋಡಿಸುವಾಗ

ಗೋಡೆಯಿಂದ ನಾಲ್ಕು ಬೆರಳಗಲ ಜಾಗ ಬಿಡಿ. ಕೆಳಗೆ ಮರದ ಪಟ್ಟಿ ಕೊಡಿ. ರಟ್ಟು ತೇವ ಹೀರುತ್ತದೆ, ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬಿಯೇ ಮೇಲು. ಆದರೆ ಒಳಗಿಡುವ ವಸ್ತು ಪೂರ್ತಿ ಒಣಗಿರಬೇಕು, ಇಲ್ಲವಾದರೆ ತೇವವನ್ನು ನೀವೇ ಬೀಗ ಹಾಕಿಟ್ಟಂತೆ. ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿ ಮುಚ್ಚಿದ ಕಪಾಟಿಗೆ ಸರಿ. ಕಿಂಡಿ ತೆರೆದ ಶೆಡ್ಡಿನಲ್ಲಿ ದಂಡ, ಹೊರಗಿನ ಗಾಳಿ ಬರುತ್ತಲೇ ಇರುತ್ತದಲ್ವಾ?

ಆಗಲೇ ಬೂಷ್ಟು ಹಿಡಿದಿದ್ದರೆ ಒಣಗಿದ್ದಾಗ ಗುಡಿಸಬೇಡಿ, ಕಣಗಳು ಗಾಳಿಗೆ ಹಾರುತ್ತವೆ. ಮಾಸ್ಕ್, ಕೈಗವಸು ಹಾಕಿಕೊಂಡು ಸೋಪಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಬಾಗಿಲು ತೆರೆದಿಟ್ಟು ಒಣಗಿಸಿ, ಆ ಬಟ್ಟೆಯನ್ನು ಬಿಸಾಕಿ.