ಕ್ಯಾಂಪಸ್ ಪೊಲೀಸ್ ಅಂದರೆ ಹಾಸ್ಟೆಲ್ ಗೇಟಿನ ವಾಚ್‌ಮನ್ ಅಲ್ಲ

ಅಮೆರಿಕಕ್ಕೆ ಓದಲು ಬರುತ್ತಿರುವವರಿಗೆ ಕುಕ್ಕರ್, ಚಟ್ನಿಪುಡಿ ಬಗ್ಗೆ ಎಲ್ಲರೂ ಹೇಳಿರುತ್ತಾರೆ. ನಾನು ಬೇರೆ ವಿಷಯ ಹೇಳುತ್ತೇನೆ.

ಮೊದಲ ವರ್ಷ, ಹಳೇ ಕಾರು, ರಾತ್ರಿ ಲ್ಯಾಬಿನಿಂದ ಹೊರಟಿದ್ದೆ. ಹಿಂದೆ ಪೊಲೀಸ್ ಕಾರಿನ ಕೆಂಪು ನೀಲಿ ದೀಪ. ನಮ್ಮೂರಲ್ಲಿ ಏನು ಮಾಡುತ್ತೇವೆ? ಗಾಡಿ ಸೈಡಿಗೆ ಹಾಕಿ, ಇಳಿದು, ನಾವೇ ಹೋಗಿ "ಸಾರ್, ಸ್ಟೂಡೆಂಟ್ ಸಾರ್" ಅನ್ನುತ್ತೇವೆ. ಕೂತೇ ಇದ್ದರೆ ಪೊಗರು ಅಂದುಕೊಳ್ಳುತ್ತಾರೆ, ಅಲ್ವಾ? ನಾನೂ ಇಳಿದೆ. ಸಾಲದ್ದಕ್ಕೆ ಪರ್ಸ್ ತೆಗೆಯಲು ಜಾಕೆಟ್ಟಿನೊಳಗೆ ಕೈ ಹಾಕಿದೆ. ಆತ ಕಿರುಚಿದ್ದು ಇನ್ನೂ ಕಿವಿಯಲ್ಲಿದೆ. ಕೈ ಪಿಸ್ತೂಲಿನ ಮೇಲಿತ್ತು. ವಿಷಯ ಏನೆಂದರೆ, ಹಿಂದಿನ ಒಂದು ಲೈಟು ಉರಿಯುತ್ತಿರಲಿಲ್ಲ.

ಕಾರಿನಲ್ಲೇ ಕೂತಿರಿ, ಎರಡೂ ಕೈ ಸ್ಟೇರಿಂಗ್ ಮೇಲಿರಲಿ, ಏನೇ ತೆಗೆಯುವ ಮೊದಲು ಬಾಯಿಬಿಟ್ಟು ಹೇಳಿ. ಐ-20 (ಯೂನಿವರ್ಸಿಟಿ ಕೊಡುವ ವಿದ್ಯಾರ್ಥಿ ದಾಖಲೆ), ಐ-94 (ದೇಶದೊಳಗೆ ಬಂದದ್ದರ ದಾಖಲೆ) ಇವುಗಳ ಪ್ರಿಂಟ್ ಬ್ಯಾಗಿನಲ್ಲಿರಲಿ.

ಇಲ್ಲಿನ ಬಹಳಷ್ಟು ದೊಡ್ಡ ಯೂನಿವರ್ಸಿಟಿಗಳಿಗೆ ಸ್ವಂತ ಪೊಲೀಸರಿದ್ದಾರೆ. ಬಂದೂಕೂ ಇದೆ, ಅರೆಸ್ಟ್ ಮಾಡುವ ಅಧಿಕಾರವೂ ಇದೆ. 2015ರ ಜುಲೈನಲ್ಲಿ ಸಿನ್ಸಿನಾಟಿಯಲ್ಲಿ ಸ್ಯಾಮುಯೆಲ್ ಡುಬೋಸ್ ಎಂಬ ಕಪ್ಪು ವ್ಯಕ್ತಿಯ ತಲೆಗೆ ಗುಂಡು ಹೊಡೆದದ್ದು ಯೂನಿವರ್ಸಿಟಿ ಪೊಲೀಸ್, ಅದೂ ಕ್ಯಾಂಪಸ್ಸಿನ ಹೊರಗೆ. ನಿಲ್ಲಿಸಿದ್ದು ಮುಂದಿನ ನಂಬರ್ ಪ್ಲೇಟ್ ಇಲ್ಲವೆಂದು. ಎರಡು ಸಲ ವಿಚಾರಣೆಯಾದರೂ ತೀರ್ಪು ಕೊಡಬೇಕಾದ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ. ನನಗೆ ಸಿಕ್ಕಿದ್ದು ಒಂದು ವಾರ್ನಿಂಗ್ ಚೀಟಿ.

ಇನ್ನೊಂದು ತಪ್ಪು ಹೇಳಿಕೊಳ್ಳಲು ನಾಚಿಕೆ. ಒಂದು ರಾತ್ರಿ ಲೈಬ್ರರಿಗೆ ಐಡಿ ಕಾರ್ಡ್ ನೋಡಲು ಬಂದ ಕ್ಯಾಂಪಸ್ ಪೊಲೀಸರು ನಮ್ಮ ಟೇಬಲ್ಲಿನಲ್ಲಿ ನನ್ನ ಕ್ಲಾಸಿನ ಕಪ್ಪು ಹುಡುಗನನ್ನು ಮಾತ್ರ ಕೇಳಿದರು. ಅವನ ಕಾರ್ಡು ಕತ್ತಿನಲ್ಲೇ ನೇತಾಡುತ್ತಿತ್ತು. ನನ್ನದು ರೂಮಿನಲ್ಲಿತ್ತು! ನಮಗ್ಯಾಕೆ ಊರ ಉಸಾಬರಿ, ವೀಸಾ ಮೇಲಿರುವವರು ಅಂದುಕೊಂಡು ಸುಮ್ನೆ ತಲೆ ಬಗ್ಗಿಸಿ ಓದುವ ನಾಟಕ ಮಾಡಿದೆ. ಆಮೇಲೆ ಕನ್ನಡದ ಹುಡುಗರ ಮನೆಯಲ್ಲಿ ಚಿತ್ರಾನ್ನ ತಿನ್ನುತ್ತಾ "ನಮ್ಮನ್ನು ಯಾರೂ ಮುಟ್ಟಲ್ಲ ಬಿಡೋ" ಎಂದು ಒಬ್ಬ ಅಂದ, ನಾನು ಹೂಂಗುಟ್ಟಿದೆ. ಆ ಹುಡುಗ ಮತ್ತೆ ನಮ್ಮ ಟೇಬಲ್ಲಿಗೆ ಬರಲಿಲ್ಲ.

ಮುಟ್ಟುತ್ತಾರೆ. 2015ರ ಫೆಬ್ರವರಿಯಲ್ಲಿ ಅಲಬಾಮಾದ ಮ್ಯಾಡಿಸನ್‌ನಲ್ಲಿ, ಮೊಮ್ಮಗನನ್ನು ನೋಡಿಕೊಳ್ಳಲು ಬಂದಿದ್ದ 57 ವರ್ಷದ ಗುಜರಾತಿ ಅಜ್ಜ ವಾಕಿಂಗ್ ಹೋಗಿದ್ದರು. ಯಾರೋ ಕಪ್ಪು ಮನುಷ್ಯ ಓಡಾಡುತ್ತಿದ್ದಾನೆ ಎಂದು ಯಾರೋ ಫೋನ್ ಮಾಡಿದರು. "ನೋ ಇಂಗ್ಲಿಷ್" ಅಂದವರನ್ನು ಪೊಲೀಸ್ ನೆಲಕ್ಕೆ ಕೆಡವಿದ, ಕೈಕಾಲು ಭಾಗಶಃ ಸ್ವಾಧೀನ ತಪ್ಪಿದವು. ಬಾಣಂತನಕ್ಕೆ ಬರುವ ಅಪ್ಪ ಅಮ್ಮನ ಜೇಬಿನಲ್ಲಿ ಮನೆ ವಿಳಾಸ, ನಿಮ್ಮ ನಂಬರ್ ಇರುವ ಚೀಟಿ ಇಡಿ. ಬೇರೆ ಯಾರನ್ನಾದರೂ ಹಿಡಿದಾಗ ಮಧ್ಯೆ ನುಗ್ಗಬೇಡಿ, ಆದರೆ ಬಿಟ್ಟು ಹೋಗಲೂ ಬೇಡಿ. ದೂರ ನಿಂತು ವಿಡಿಯೋ ಮಾಡಿ.

ಮೊನ್ನೆ ಮಗಳ ಕಾರಿಗೆ ಪೂಜೆ ಮಾಡಿದೆವು. ನಮ್ಮಮ್ಮನ ಬಣ್ಣ ಅವಳದು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಾದ ಮೇಲೆ ನಾನೇ ಪೊಲೀಸ್ ಆಗಿ ಕಿಟಕಿ ಬಡಿದೆ. ಹೇಳುವ ಮೊದಲೇ ಕೈ ಸ್ಟೇರಿಂಗ್ ಮೇಲಿಟ್ಟಳು. ಯಾರು ಹೇಳಿಕೊಟ್ಟಿದ್ದು ಅಂದರೆ, ಸ್ಕೂಲಿನ ಕಪ್ಪು ಗೆಳತಿಯಂತೆ. ಆ ಹುಡುಗಿಗೆ ಅವಳಮ್ಮ ಹನ್ನೆರಡು ತುಂಬಿದಾಗಲೇ ಹೇಳಿಕೊಟ್ಟಿದ್ದರಂತೆ.